ಕ್ಯಾಮೆರಾದ ಬೆನ್ನಿನ ಕೆಂಪು ಕಿಟಕಿ

ನೇಕಾರರ ಸಂಘದ ಯಜಮಾನರು ನಾನು ತೆಗೆದಿದ್ದ ಆರು ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಕನ್ನಡಕ ಹಣೆಗೇರಿಸಿ ಒಮ್ಮೆ, ಮೂಗಿಗಿಳಿಸಿ ಒಮ್ಮೆ ನೋಡಿದರು. ಆಮೇಲೆ ಹೇಳಿದ್ದು ಇಷ್ಟೇ: “ಸೀರೆ ಚೆನ್ನಾಗ್ ಬಂದದೆ ಕಣಪ್ಪಾ. ಉಟ್ಕೊಂಡಿರೋಳೇ ಉಸಿರಾಡ್ತಾ ಇಲ್ಲ.”

ಅವರು ಹೇಳಿದ್ದು ನಿಜ. ದೊಡ್ಡಬಳ್ಳಾಪುರದ ಪೇಟೆಯಲ್ಲಿದ್ದ ನನ್ನ ಸ್ಟುಡಿಯೋದಲ್ಲಿ ಎಲ್ಲರೂ ಹಾಗೆಯೇ ನಿಲ್ಲುತ್ತಿದ್ದರು. ಹಿಂದೆ ಕೊಳ, ಹಂಸ, ಮೆಟ್ಟಿಲು ಬರೆದ ಪರದೆ. ಎರಡೂ ಕಡೆ ದೊಡ್ಡ ಬಲ್ಬು. ನಾನು ‘ಅಲ್ಲಾಡಬೇಡಿ’ ಅನ್ನುತ್ತಿದ್ದೆ, ಅವರು ಅಲ್ಲಾಡುತ್ತಿರಲಿಲ್ಲ. ಎಪ್ಪತ್ತರ ದಶಕದ ಆ ವರ್ಷ ಸಂಘದವರಿಗೆ ಹೊರ ಊರಿನ ಅಂಗಡಿಗಳಿಗೆ ಕಳಿಸಲು ಸೀರೆಗಳದೊಂದು ಆಲ್ಬಮ್ ಬೇಕಾಗಿತ್ತು. ಪರದೆ ಬೇಡ, ಬಲ್ಬು ಬೇಡ, ಹಗಲಿನ ಬೆಳಕಿನಲ್ಲೇ ತೆಗೆದಿರಬೇಕು ಎಂದು ಅವರ ಹಟ.

“ಮೂರು ತಿಂಗಳು ಟೈಮದೆ. ಎಲ್ಲಾನಾ ಹೋಗಿ ಕಲ್ತ್ಕೊಂಡ್ ಬಾ. ಬಯಲಲ್ಲಿ ತೆಗ್ದಿರೋ ಹನ್ನೆರಡು ಫೋಟೋ ತಂದ್ ತೋರ್ಸು, ಜೀವ ಇರೋವು. ಇಲ್ಲಾಂದ್ರೆ ಬೆಂಗ್ಳೂರಿನೋರಿಗೆ ಕೊಟ್ಬಿಡ್ತೀವಿ. ಬೇಜಾರ್ ಮಾಡ್ಕೋಬೇಡ.”

ಬೇಜಾರಿಗಿಂತ ಹೆಚ್ಚಾಗಿ ನನಗೆ ಹೆದರಿಕೆಯಾಯಿತು. ಸಂಘವೇ ಬೆಂಗಳೂರಿನವನ ಕಡೆಗೆ ತಿರುಗಿದರೆ ಊರಿನ ಮದುವೆಗಳೂ ಅವನ ಹಿಂದೆಯೇ ಹೋಗುತ್ತವೆ. ಆಮೇಲೆ ನನಗೆ ಉಳಿಯುವುದು ಅರ್ಜಿಗೆ ಅಂಟಿಸುವ ಪುಟ್ಟ ಫೋಟೋ ಮತ್ತು ಸತ್ತವರನ್ನು ಕುರ್ಚಿಗೆ ಕೂರಿಸಿ ತೆಗೆಯುವ ಕೊನೆಯ ಫೋಟೋ. ಆ ಎರಡರಿಂದ ಸ್ಟುಡಿಯೋ ನಡೆಯುವುದಿಲ್ಲ.

ಫಿಲ್ಮು, ರಸಾಯನ ತರಲು ನಾನು ಬೆಂಗಳೂರಿನ ಒಂದು ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿಯ ಗೋಡೆಯ ಮೇಲೆ ಒಂದು ಚೀಟಿ ಕಂಡಿತು. ಕಾಲೇಜಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರು ನೇಪಾಳಕ್ಕೆ ಫೋಟೋ ಪ್ರವಾಸ ಕರೆದೊಯ್ಯುತ್ತಾರೆ, ಎಂಟು ದಿನ ಅಲ್ಲೇ ಉಳಿದು ದಿನವೂ ಪಾಠ. ಪಾಸ್‌ಪೋರ್ಟ್ ಬೇಡದ ಪರದೇಶ. ಬೆಳಕು ಅಂದರೆ ಅಲ್ಲಿಯದೇ ಬೆಳಕು ಎಂದು ಯಾರೋ ಹೇಳಿದ್ದು ನೆನಪಿತ್ತು. ಹೆಸರು ಬರೆಸಿಬಿಟ್ಟೆ. ಅಂಗಡಿಯವನು ರಸೀದಿ ಹರಿಯುತ್ತಾ ದನಿ ತಗ್ಗಿಸಿದ.

“ಹುಷಾರು ಗುರು. ಹೋದ್ಸಲ ಹೋದೋರ ನೆಗೆಟಿವ್ ಎಲ್ಲಾ ಇವತ್ಗೂ ಮೇಷ್ಟ್ರ ಮನೇಲೇ ಅವೆ. ದಿನಾ ಫಿಲ್ಮ್ ಇಸ್ಕೊಂಡು ಅವ್ರೇ ತೊಳೀತಾರಂತೆ. ಯಾಕೆ ಅಂತ ನಂಗೊತ್ತಿಲ್ಲಪ್ಪ.”

ಹೇಳಿದವನೇ ಎಂಟು ರೋಲು ಹೊಸ ಫಿಲ್ಮನ್ನು ಮುಂದಿಟ್ಟ. ಮೇಷ್ಟ್ರು ಕೊಡುವುದು ಬೇರೆ, ಇದು ನಿನ್ನದೇ ಬೇರೆ ಇರಲಿ ಎಂದ. ನಾನು ಮೇಷ್ಟ್ರನ್ನು ಅನುಮಾನಿಸುವ ಭರದಲ್ಲಿ, ಎಂಟು ರೋಲು ಮಾರಿದವನನ್ನು ಅನುಮಾನಿಸುವುದು ಮರೆತುಬಿಟ್ಟೆ.

ಅನುಮಾನ ನನಗೆ ಮನೆಯಿಂದಲೇ ಬಂದದ್ದು. ನಮ್ಮದು ನೇಯ್ಗೆಯವರ ಮನೆ. ನಾನು ಚಿಕ್ಕವನಿದ್ದಾಗ ಅಪ್ಪ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಮಾವಿನ ಚಿಗುರಿನ ಒಂದು ಅಂಚು ಕಟ್ಟಿದ್ದರು. ನಂಟರೊಬ್ಬರು ಬಂದು, ಮಗ್ಗದ ಪಕ್ಕ ಕೂತು, ಕಾಫಿ ಕುಡಿದು, ಚೆನ್ನಾಗಿದೆ ಎಂದು ಹೊಗಳಿ ಹೋದರು. ಅಪ್ಪನ ಸೀರೆ ಮಗ್ಗದಿಂದ ಇಳಿಯುವ ಮೊದಲೇ ಅದೇ ಚಿಗುರು ಅಂಗಡಿಯಲ್ಲಿ ನೇತಾಡುತ್ತಿತ್ತು. ಅವತ್ತಿನಿಂದ ಹೊಸಿಲಿಗೆ ಯಾರ ನೆರಳು ಬಿದ್ದರೂ ಅಪ್ಪ ಎದ್ದು ಅಮ್ಮನ ಹಳೇ ಸೀರೆಯೊಂದನ್ನು ಮಗ್ಗದ ಮೇಲೆ ಹೊದಿಸುತ್ತಿದ್ದರು. ಹಾಲು ಹಾಕುವವಳು ಬಂದರೂ ಹೊದಿಸುತ್ತಿದ್ದರು, ಸ್ವಂತ ತಮ್ಮ ಬಂದರೂ ಹೊದಿಸುತ್ತಿದ್ದರು. ಊರಿನಲ್ಲಿ ಕರೆಂಟಿನ ಮಗ್ಗಗಳು ಗದ್ದಲ ಹಾಕುತ್ತಿದ್ದ ಕಾಲದಲ್ಲೂ ಅವರು ಕೈಮಗ್ಗ ಬಿಟ್ಟಿರಲಿಲ್ಲ, ಹೊದಿಕೆಯನ್ನೂ ಬಿಟ್ಟಿರಲಿಲ್ಲ.

ನಾನು ಎರಡು ಕ್ಯಾಮೆರಾ ಕಟ್ಟಿಕೊಂಡೆ. ನನ್ನದು ಮಡಚುವ ಕ್ಯಾಮೆರಾ, ಬಾಗಿಲು ತೆರೆದರೆ ಚರ್ಮದ ತಿದಿ ಮುಂದಕ್ಕೆ ಬರುವಂಥದ್ದು. ಮದುವೆಗಳಲ್ಲೆಲ್ಲ ಅದೇ ನನ್ನ ಕೈ. ಇನ್ನೊಂದು ಭಾವಮೈದನಿಂದ ತಂದ ಡಬ್ಬಿ ಕ್ಯಾಮೆರಾ. ಡಬ್ಬಿಯನ್ನು ಮೇಷ್ಟ್ರಿಗೆ ತೋರಿಸುವುದು, ನನ್ನದನ್ನು ಹಾಸಿಗೆ ಸುರುಳಿಯೊಳಗೆ ಬಚ್ಚಿಡುವುದು ಎಂದು ನಿಶ್ಚಯ. ಒಳ್ಳೆಯ ಚಿತ್ರಗಳೆಲ್ಲ ಅದರಲ್ಲಿ, ಊರಿಗೆ ಬಂದು ನಾನೇ ತೊಳೆದುಕೊಳ್ಳುತ್ತೇನೆ.

ಹೆಂಡತಿ ಚಕ್ಕುಲಿ ಡಬ್ಬ ಕಟ್ಟುತ್ತಾ ನೋಡಿದಳು. “ನೀವು ಮಾವನ ಮಗನೇ ಬಿಡಿ. ಕಲಿಯೋಕ್ ಹೋಗ್ತಿದೀರೋ, ಕಾವಲಿಗ್ ಹೋಗ್ತಿದೀರೋ?” ಅಂದಳು. ನಾನು ಹಾಸಿಗೆ ಸುರುಳಿಯ ಹಗ್ಗ ಬಿಗಿದೆ.

ನಾವು ಒಟ್ಟು ಹನ್ನೊಂದು ಜನ. ಮದರಾಸು ದಾಟಿ ರೈಲು ಉತ್ತರಕ್ಕೆ ತಿರುಗಿದ ಮೇಲೆ ಮೇಷ್ಟ್ರು ಎಲ್ಲರ ಕ್ಯಾಮೆರಾಗಳನ್ನೂ ಒಂದು ಸೀಟಿನ ಮೇಲೆ ಇಡಿಸಿದರು. ತೆಳ್ಳಗೆ, ಎತ್ತರ, ಮಾತು ಕಡಿಮೆ; ಮಾತು ಕಡಿಮೆ ಇರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅವರು ಒಂದೊಂದರ ನಂಬರನ್ನೂ ಹಾಳೆಯಲ್ಲಿ ಬರೆದುಕೊಂಡರು. ಗಡಿಯಲ್ಲಿ ಸುಂಕದವರಿಗೆ ಈ ಪಟ್ಟಿ ಕೊಡಬೇಕು, ಇಲ್ಲದಿದ್ದರೆ ಬರುವಾಗ ಹೊರದೇಶದಲ್ಲಿ ಕೊಂಡದ್ದು ಅಂದುಕೊಳ್ಳುತ್ತಾರೆ ಎಂದರು. ಯಾರ ಹತ್ತಿರ ಏನಿದೆ ಎಂದು ತಿಳಿದುಕೊಳ್ಳಲು ಒಳ್ಳೆಯ ನೆಪ ಎಂದುಕೊಂಡೆ.

ಆಮೇಲೆ ಕರೀ ಟೇಪಿನ ಸುರುಳಿ ತೆಗೆದರು, ಕರೆಂಟು ಕೆಲಸದವರು ತಂತಿಗೆ ಸುತ್ತುವಂಥದ್ದು. ಇಂಥ ಕ್ಯಾಮೆರಾಗಳ ಬೆನ್ನಿನಲ್ಲಿ ಕಾಸಿನಗಲದ ಒಂದು ಕೆಂಪು ಕಿಟಕಿ ಇರುತ್ತದೆ. ಫಿಲ್ಮಿನ ಬೆನ್ನಿಗೆ ಸುತ್ತಿದ ಕಾಗದದ ಮೇಲಿನ ಅಂಕಿ ಅದರಲ್ಲಿ ಕಾಣುತ್ತದೆ. ಆ ಅಂಕಿ ನೋಡಿಕೊಂಡೇ ಮುಂದಿನ ಚಿತ್ರಕ್ಕೆ ಸುತ್ತಬೇಕು. ಮೇಷ್ಟ್ರು ಡಬ್ಬಿ ಕ್ಯಾಮೆರಾದ ಕಿಟಕಿಗೆ ಟೇಪಿನ ತುಂಡು ಅಂಟಿಸಿದರು.

“ಹಳೇ ಫಿಲ್ಮಿಗೆ ಕೆಂಪು ಬೆಳಕು ಕಾಣ್ತಿರ್ಲಿಲ್ಲ. ಈ ಹೊಸಾದಕ್ಕೆ ಕಾಣತ್ತೆ, ಕಿಟಕಿಯಿಂದ ನುಗ್ಗಿ ಚಿತ್ರ ಕೆಡ್ಸತ್ತೆ. ಅಲ್ಲಿ ಎತ್ತರದ ಬಿಸಿಲು ಬೇರೆ. ಸುತ್ತೋವಾಗ ಮಾತ್ರ ನೆರಳಲ್ಲಿ ಎತ್ತಿ ನೋಡಿ, ಮತ್ತೆ ಮುಚ್ಚಿ.”

ಎಷ್ಟೊಂದು ಮದುವೆ ತೆಗೆದಿರುವ ನನ್ನ ಕ್ಯಾಮೆರಾಗೆ ಇದುವರೆಗೆ ಏನೂ ಆಗಿಲ್ಲ, ಇದೇನು ಹೊಸ ಹೆದರಿಕೆ ಅನ್ನಿಸಿತು. ಆ ಮದುವೆಗಳೆಲ್ಲ ಚಪ್ಪರದ ಕೆಳಗೆ, ಬೆಳಕನ್ನು ಬೇಗ ಹಿಡಿಯದ ನಿಧಾನದ ಫಿಲ್ಮಿನಲ್ಲಿ ತೆಗೆದವು ಎಂದು ಹೊಳೆಯಲಿಲ್ಲ. ನನಗೆ ಹೊಳೆದದ್ದು ಬೇರೆ: ಯಾರ ಕ್ಯಾಮೆರಾ ಯಾವುದು ಎಂದು ದೂರದಿಂದಲೇ ಗೊತ್ತಾಗಲಿ ಎಂದು ಗುರುತು ಹಾಕುತ್ತಿದ್ದಾರೆ.

ಗಡಿಯಲ್ಲಿ ಸುಂಕದವನು ಪಟ್ಟಿಗೆ ಮುದ್ರೆ ಒತ್ತಿದ. ನನ್ನ ಹಾಸಿಗೆ ಸುರುಳಿಯನ್ನು ಯಾರೂ ಬಿಚ್ಚಲಿಲ್ಲ. ಅಲ್ಲಿಂದ ಬಸ್ಸು ಇಡೀ ದಿನ ಬೆಟ್ಟ ಹತ್ತಿ ಇಳಿದು ಕಠ್ಮಂಡು ಸೇರಿತು. ವಸತಿಗೃಹದಲ್ಲಿ ನನ್ನ ಜೊತೆಗೆ ಹಾಕಿದ್ದು ದೇವನಹಳ್ಳಿಯ ಅಂಚೆ ಗುಮಾಸ್ತರನ್ನು. ದುಂಡು ಮುಖ, ನಗುಮಾತು, ಹಿಮದ ಬೆಟ್ಟದ ಹುಚ್ಚು. ನಮ್ಮ ಕಡೆಯವರೇ ಎಂದು ಸಮಾಧಾನವಾಗುವ ಬದಲು, ಮೇಷ್ಟ್ರು ಬೇಕೆಂದೇ ನನ್ನ ಭಾಷೆಯವನನ್ನೇ ನನ್ನ ಕೋಣೆಗೆ ಹಾಕಿದ್ದಾರೆ ಅಂದುಕೊಂಡೆ.

ದಿನದ ಕ್ರಮ ಹೀಗಿತ್ತು. ಬೆಳಿಗ್ಗೆ ಆರಕ್ಕೆ ಬೀದಿಗೆ ಇಳಿಯುವುದು. ಹನ್ನೊಂದಕ್ಕೆ, ಬೆಳಕು ನೆತ್ತಿಗೆ ಬಂದು ಮುಖಗಳ ಕಣ್ಣು ಕಪ್ಪಾಗುವ ಹೊತ್ತಿಗೆ, ವಾಪಸು. ಮೇಷ್ಟ್ರು ಬಚ್ಚಲುಮನೆಯ ಗವಾಕ್ಷಿಗೆ ಕಂಬಳಿ ಹೊಡೆದು ಎಲ್ಲರ ಫಿಲ್ಮನ್ನೂ ತೊಳೆಯುತ್ತಿದ್ದರು. ನೀರು ಕೊರೆಯುವಷ್ಟು ತಣ್ಣಗೆ. ರಸಾಯನದ ಪಾತ್ರೆಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಕೂರಿಸಿ, ಉಷ್ಣಮಾಪಕ ಇಟ್ಟು, ಗಡಿಯಾರ ಹಿಡಿದು ಕೂರುತ್ತಿದ್ದರು. ನಾಲ್ಕು ಗಂಟೆಗೆ ನೆಗೆಟಿವ್ ಅಳತೆಯ ಸಣ್ಣ ಪ್ರಿಂಟುಗಳು ದೊಡ್ಡ ಕೋಣೆಯ ಮಂಚದ ಮೇಲೆ ಹರಡಿರುತ್ತಿದ್ದವು. ಪ್ರತಿಯೊಬ್ಬರೂ ಇನ್ನೊಬ್ಬರ ಚಿತ್ರದ ಬಗ್ಗೆ ಹೇಳಬೇಕು. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುವರು. ಏನು ಬರೆಯುತ್ತಾರೆ ಎಂದು ನಾನು ಎರಡು ಸಲ ಇಣುಕಿದೆ. ಅಕ್ಷರ ಇರುವೆಯಷ್ಟು ಸಣ್ಣದು.

ಡಬ್ಬಿಯಲ್ಲಿ ನಾನು ಸುಮ್ಮನೆ ಗೋಪುರ, ಗಂಟೆ, ಪಾರಿವಾಳ ತೆಗೆದು ಕೊಡುತ್ತಿದ್ದೆ. ಗುಂಪು ಕಣ್ಣಿಗೆ ಮರೆಯಾದ ಕೂಡಲೇ ಶಾಲಿನ ಒಳಗಿಂದ ನನ್ನ ಕ್ಯಾಮೆರಾ ಹೊರಗೆ ಬರುತ್ತಿತ್ತು. ಎರಡನೆಯ ದಿನ ಚೌಕದಲ್ಲಿ ಧಾನ್ಯ ಮಾರುವ ಮುದುಕಿಯೊಬ್ಬಳನ್ನು ತೆಗೆದು ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡುತ್ತೇನೆ, ಮೇಷ್ಟ್ರು ಸರಿಯಾಗಿ ನಾನು ನಿಂತಿದ್ದ ಕಲ್ಲಿನ ಮೇಲೇ ನಿಂತು, ಅವರ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಅದೇ ಮುದುಕಿಯನ್ನು ನೋಡುತ್ತಿದ್ದಾರೆ. ನನ್ನ ಮೈ ಉರಿಯಿತು. ಕಾಫಿ ಕುಡಿದುಹೋದ ಆ ನಂಟರ ಮುಖವೇ ಕಣ್ಣಿಗೆ ಬಂತು.

ಅವತ್ತು ಸಾಯಂಕಾಲ ನನ್ನ ಗೋಪುರಗಳನ್ನು ನೋಡಿ ಮೇಷ್ಟ್ರು, “ಇವನ್ನ ತೆಗೆಯೋವಾಗ ನಿಮ್ಮ ಮನಸ್ಸು ಬೇರೆಲ್ಲೋ ಇತ್ತು” ಎಂದರು. ಗೊತ್ತಾಗಿಹೋಗಿದೆ ಎಂದುಕೊಂಡೆ. ಮಾರನೆಯ ದಿನದಿಂದ ಇನ್ನೂ ಹುಷಾರಾದೆ. ಎಲ್ಲಿ ಹೋಗಿದ್ರಿ ಎಂದು ಗುಮಾಸ್ತರು ಕೇಳಿದರೆ ಇಲ್ಲದ ಜಾಗ ಹೇಳುತ್ತಿದ್ದೆ. ಒಮ್ಮೆ, ಪಶ್ಚಿಮಕ್ಕೆ ಹೋದರೆ ಕಲ್ಲಿನ ಬಾವಿಯೊಂದಿದೆ, ಅಲ್ಲಿ ಹೆಂಗಸರು ಹಿತ್ತಾಳೆ ಕೊಡ ಬೆಳಗುತ್ತಾರೆ ಎಂದುಬಿಟ್ಟೆ. ಪಾಪ, ಆ ಮನುಷ್ಯ ಎರಡು ಗಂಟೆ ಹುಡುಕಿ, ಕಾಲಿಗೆ ಬೊಬ್ಬೆ ಬರಿಸಿಕೊಂಡು ಬಂದು, “ನಂದೇ ದಾರಿ ತಪ್ತು ಅನ್ಸತ್ತೆ ಸಾರ್” ಎಂದರು. ನನಗೆ ನಾಚಿಕೆಯಾಯಿತು, ಆದರೂ ಸುಳ್ಳು ಎಂದು ಒಪ್ಪಿಕೊಳ್ಳಲಿಲ್ಲ.

ಒಂದು ಮಾತು ಮಾತ್ರ ಮೇಷ್ಟ್ರಿಂದ ನನ್ನೊಳಗೆ ಇಳಿದಿತ್ತು. ಅದೂ ನನಗೆ ಹೇಳಿದ್ದಲ್ಲ, ಇನ್ಯಾರಿಗೋ ಹೇಳುವಾಗ ಕಿವಿಗೆ ಬಿದ್ದದ್ದು. “ಹೋದ ತಕ್ಷಣ ಕ್ಯಾಮೆರಾ ತೆಗೀಬೇಡಿ. ಸುಮ್ನೆ ಕೂತ್ಕೊಳ್ಳಿ. ಅವ್ರು ನಿಮ್ಮನ್ನ ನೋಡಿ ಮುಗಿಸ್ಲಿ. ಆಮೇಲೆ ನೀವು ನೋಡಿ.”

ಆರನೆಯ ದಿನ ಭಕ್ತಪುರಕ್ಕೆ ಹೋದೆವು. ಇಟ್ಟಿಗೆಯ ಮನೆಗಳು, ಇಟ್ಟಿಗೆಯದೇ ಬೀದಿ. ಗುಂಪನ್ನು ಕಳಚಿಕೊಂಡು ಒಂದು ಓಣಿಗೆ ತಿರುಗಿದೆ. ನಾಲ್ಕು ಹೆಜ್ಜೆಗೆ ಕಾಲು ತಾನಾಗಿ ನಿಂತಿತು. ಲಾಳಿಯ ಸದ್ದು. ನಮ್ಮ ಬೀದಿಯಲ್ಲಿ ಹುಟ್ಟಿದವನಿಗೆ ಆ ಸದ್ದು ಹೇಳಿಕೊಡಬೇಕಾಗಿಲ್ಲ.

ಬಾಗಿಲ ಮುಂದಿನ ಜಗುಲಿಯ ಮೇಲೆ, ಬಿಸಿಲಿನಲ್ಲೇ ಮಗ್ಗ. ನಲವತ್ತರ ಹೆಂಗಸು. ಕಪ್ಪು ಸೀರೆ, ಕೆಂಪು ಅಂಚು. ಅವಳು ಉಟ್ಟಿದ್ದೂ ಅದೇ, ನೇಯುತ್ತಿದ್ದುದೂ ಅದೇ. ನನ್ನನ್ನು ನೋಡಿದಳು. ಈಗ ಎದ್ದು ಬಟ್ಟೆ ಮುಚ್ಚುತ್ತಾಳೆ ಎಂದು ಕಾದೆ. ಮುಚ್ಚಲಿಲ್ಲ. ಎದುರಿನ ಮೆಟ್ಟಿಲ ಮೇಲೆ ಕೂತೆ. ಕ್ಯಾಮೆರಾ ಶಾಲಿನೊಳಗೇ ಇತ್ತು. ಅವಳು ಸ್ವಲ್ಪ ಹೊತ್ತು ನನ್ನ ಕಡೆ ಕಣ್ಣು ಹಾಯಿಸುತ್ತಾ ನೇಯ್ದಳು, ಆಮೇಲೆ ನಾನು ಅಲ್ಲಿದ್ದೇನೆ ಎನ್ನುವುದನ್ನೇ ಮರೆತಳು.

ಅಷ್ಟರಲ್ಲಿ ಮಗ್ಗದ ಮೇಲಿನ ಹಾಸಿನ ಒಂದು ಎಳೆ ಹರಿಯಿತು. ನನ್ನ ಕೈ ನನ್ನನ್ನು ಕೇಳದೆಯೇ ಮುಂದಕ್ಕೆ ಹೋಯಿತು. ಎರಡು ತುದಿ ಹಿಡಿದು, ಉಗುರಿನಲ್ಲಿ ತಿರುವಿ, ಅಪ್ಪ ಕಲಿಸಿದ ಗಂಟು ಹಾಕಿಬಿಟ್ಟೆ. ಅವಳು ಬೆರಗಾಗಿ ನನ್ನ ಮುಖ ನೋಡಿ, ಗಂಟು ನೋಡಿ, ಗೊಳ್ಳೆಂದು ನಕ್ಕಳು. ನನ್ನ ಗಂಟನ್ನು ಬಿಚ್ಚಿ, ಅವಳದನ್ನು ಹಾಕಿ ತೋರಿಸಿದಳು. ಅದು ಇನ್ನೂ ಸಣ್ಣದು, ಬೆರಳಿಗೆ ತಾಕಲೇ ಇಲ್ಲ. ಆಮೇಲೆ, ನಾನು ಕೇಳದೆಯೇ, ನೇಯ್ದ ಬಟ್ಟೆಯನ್ನು ಎತ್ತಿ ಅಡಿಮೈ ತಿರುಗಿಸಿ, ಅಂಚಿನ ಕೆಂಪು ನೂಲು ಕಪ್ಪಿನ ನೂಲನ್ನು ಹಿಡಿದು ಹೇಗೆ ಹಿಂದಕ್ಕೆ ತಿರುಗುತ್ತದೆ ಎಂದು ಎರಡು ಸಲ ಮಾಡಿ ತೋರಿಸಿದಳು. ಭಾಷೆ ಒಂದಕ್ಷರ ಬಾರದ ಪರದೇಶಿಗೆ. ನಮ್ಮಪ್ಪ ಸ್ವಂತ ತಮ್ಮನಿಗೆ ತೋರಿಸದಿದ್ದದ್ದನ್ನು.

ಆಗ ಕ್ಯಾಮೆರಾ ತೆಗೆದೆ. ‘ಬೆಳಕು ಬೆನ್ನಿಗಿರಲಿ’ ಎಂಬ ಹಳೆಯ ಪಾಠದಂತೆ ಸೂರ್ಯನಿಗೆ ಬೆನ್ನು ಮಾಡಿ ನಿಂತು ಒಂದು ರೋಲಿನ ಹನ್ನೆರಡೂ ಚಿತ್ರ ಅವಳಿಗೇ ಖರ್ಚು ಮಾಡಿದೆ. ‘ಅಲ್ಲಾಡಬೇಡಿ’ ಎಂದು ಒಮ್ಮೆಯೂ ಹೇಳಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಆ ರೋಲು ಜೇಬಿನಲ್ಲಿ ಬೆಚ್ಚಗಿತ್ತು. ನೋಡದೆ ಇರಲಾಗುತ್ತಿಲ್ಲ. ತೊಳೆಯುವ ಪಾತ್ರೆ ನನ್ನ ಹತ್ತಿರ ಇಲ್ಲ. ಇರುವುದು ಒಬ್ಬರ ಹತ್ತಿರ. ಕೋಣೆಗೆ ಬಂದು ಏಳು ರೋಲುಗಳನ್ನೂ ಟವೆಲ್ಲಿನ ಮೇಲೆ ಸುರಿದುಕೊಂಡು ಕೂತೆ. ಕೊಟ್ಟರೆ ಇದೂ ಆ ಮಾವಿನ ಚಿಗುರಿನ ದಾರಿ ಹಿಡಿಯುತ್ತದೆ ಎಂದು ಒಂದು ಮನಸ್ಸು. ತನ್ನ ಅಂಚನ್ನು ತಿರುಗಿಸಿ ತೋರಿಸಿದವಳ ಚಿತ್ರವನ್ನು ಬಚ್ಚಿಟ್ಟುಕೊಳ್ಳಲು ನಿನಗೆ ಮುಖವಿದೆಯೇ ಎಂದು ಇನ್ನೊಂದು ಮನಸ್ಸು. ಗುಮಾಸ್ತರು ಮಂಚದ ಮೇಲೆ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ನೋಡುತ್ತಿದ್ದರು. ಅವರಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

“ದಿನಾ ಹಾಸಿಗೆ ತಡಕಾಡ್ತಿದ್ರಲ್ಲ ಸಾರ್, ಚಕ್ಕುಲಿ ಇರ್ಬೇಕು ಅಂದ್ಕೊಂಡಿದ್ದೆ” ಎಂದರು.

ಟವೆಲ್ಲಿನ ಗಂಟು ಹಿಡಿದು ಬಚ್ಚಲುಮನೆಯ ಬಾಗಿಲು ತಟ್ಟಿದೆ. ಮೇಷ್ಟ್ರು ರೋಲುಗಳನ್ನು ನೋಡಿದರು, ನನ್ನನ್ನು ನೋಡಿದರು. ಯಾಕೆ, ಎಲ್ಲಿತ್ತು, ಏನೂ ಕೇಳಲಿಲ್ಲ. “ಯಾವ ಕ್ಯಾಮೆರಾ?” ಎಂದರು. ತಂದು ಕೊಟ್ಟೆ. ಅವರು ಅದರ ಬೆನ್ನು ತಿರುಗಿಸಿ ನೋಡಿದರು. ಟೇಪಿಲ್ಲದ ಕೆಂಪು ಕಿಟಕಿಯ ಮೇಲೆ ಹೆಬ್ಬೆರಳು ಇಟ್ಟರು.

“ಬಿಸಿಲಿಗೆ ಬೆನ್ನು ಕೊಟ್ಟು ತೆಗೆದ್ರಾ?”

“ಹೂಂ ಸಾರ್. ಬೆಳಕು ಹಿಂದಿರ್ಬೇಕಲ್ಲ.”

“ಹಿಂದಿತ್ತು. ಇದರೊಳಗಿಂದ ನೆಟ್ಟಗೆ ಒಳಕ್ಕೆ ಹೋಗಿರತ್ತೆ,” ಎಂದು ಬಾಗಿಲು ಹಾಕಿಕೊಂಡರು.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಏಳು ನೆಗೆಟಿವ್ ಪಟ್ಟಿಗಳೂ ದಾರಕ್ಕೆ ನೇತಾಡಿದವು, ಪ್ರಿಂಟುಗಳು ಮಂಚಕ್ಕೆ ಬಂದವು. ಎಂಬತ್ತನಾಲ್ಕು ಚಿತ್ರ. ಹೆಚ್ಚುಕಡಿಮೆ ಎಲ್ಲದರ ನಡುವೆಯೂ ಒಂದು ಬಿಳಿ ಬೊಟ್ಟು. ಬೊಟ್ಟಿನೊಳಗೆ ಮಸುಕಾಗಿ, ಕಾಗದದ ಮೇಲಿನ ಅಂಕಿ. ಧಾನ್ಯದ ಮುದುಕಿಯ ಕೆನ್ನೆಯ ಮೇಲೆ ನಾಲ್ಕು. ನೇಯುವ ಹೆಂಗಸಿನ ಒಂಬತ್ತನೆಯ ಚಿತ್ರ, ಅವಳು ನಕ್ಕು ಮತ್ತೊಮ್ಮೆ ಬಟ್ಟೆ ಎತ್ತಿ ತೋರಿಸುತ್ತಿರುವುದು, ನನ್ನ ಜೀವನದಲ್ಲಿ ಅದುವರೆಗೆ ತೆಗೆದ ಎಲ್ಲದಕ್ಕಿಂತ ಚೆನ್ನಾಗಿತ್ತು. ಅದರಲ್ಲಿ ಬೊಟ್ಟು ಸರಿಯಾಗಿ ಅಂಚಿನ ಮೇಲೆ ಕೂತಿತ್ತು.

ಮೊದಲ ದಿನವೇ ಒಂದು ರೋಲು ಈ ಮಂಚದ ಮೇಲೆ ಬಿದ್ದಿದ್ದರೆ, ಎರಡನೆಯ ದಿನವೇ ಒಂದು ಬೆರಳಗಲದ ಟೇಪಿನಲ್ಲಿ ಇದು ಮುಗಿದುಹೋಗುತ್ತಿತ್ತು. ಎಲ್ಲರಿಗೂ ಅದು ಗೊತ್ತು. ನಾನು ಕೋಪ ಮಾಡಿಕೊಳ್ಳಲು ಯಾರಾದರೂ ಸಿಗುತ್ತಾರೆಯೇ ಎಂದು ಸುತ್ತ ನೋಡಿದೆ. ಯಾರೂ ಸಿಗಲಿಲ್ಲ. ಕಣ್ಣಲ್ಲಿ ನೀರು ಬಂದುಬಿಟ್ಟಿತು, ಎಲ್ಲರ ಎದುರಿಗೇ.

ಟೇಪು ಎಲ್ಲಿಂದ ಎಲ್ಲಿಯವರೆಗೆ ಅಂಟಬೇಕು ಎಂದು ತೋರಿಸಲು ಮೇಷ್ಟ್ರು ತಮ್ಮ ಕ್ಯಾಮೆರಾ ತೆಗೆದು ಬೆನ್ನು ಬಿಚ್ಚಿದರು. ಒಳಗೆ ಫಿಲ್ಮೇ ಇರಲಿಲ್ಲ.

“ಸಾರ್, ಇದ್ರಲ್ಲಿ...”

“ಪ್ರವಾಸದಲ್ಲಿ ನಾನು ಫಿಲ್ಮ್ ಹಾಕಲ್ಲಪ್ಪಾ. ನೀವು ಎಲ್ಲಿ ನಿಂತಿದ್ರಿ, ನಿಮ್ಗೆ ಏನು ಕಾಣ್ತಿತ್ತು ಅಂತ ನೋಡ್ಬೇಕಲ್ಲ, ಅದಕ್ಕೆ ಹಿಡ್ಕೊಂಡಿರ್ತೀನಿ. ನನ್ನದೂ ಒಂದು ಚಿತ್ರ ಇದ್ದರೆ ನಿಮ್ಮದು ಕಾಣಲ್ಲ.”

ಧೈರ್ಯ ಮಾಡಿ ಹಳೆಯ ನೆಗೆಟಿವ್‌ಗಳ ವಿಷಯವನ್ನೂ ಕೇಳಿಬಿಟ್ಟೆ. ಹೋದ ಸಲದವರು ಪ್ರಿಂಟು ಒಯ್ದವರು ನೆಗೆಟಿವ್ ಕೇಳಲು ಬರಲೇ ಇಲ್ಲವಂತೆ. ಬೀರುವಿನ ಅರ್ಧ ಅದೇ ತುಂಬಿದೆ, ಎಸೆಯಲು ಮನಸ್ಸಿಲ್ಲ ಎಂದರು. ಅವರ ಹೆಂಡತಿ ದಿನವೂ ಬೈಯುತ್ತಾರಂತೆ.

ಉಳಿದದ್ದು ಒಂದೇ ದಿನ, ನನ್ನ ಹತ್ತಿರ ಒಂದೇ ರೋಲು. ಉಳಿದವರೆಲ್ಲ ಬೆಳಗಿನ ಜಾವ ಹಿಮದ ಬೆಟ್ಟಗಳಿಗೆ ಬಿಸಿಲು ಬೀಳುವುದನ್ನು ನೋಡಲು ಹೊರಟಿದ್ದರು. ಗುಮಾಸ್ತರು ಅದಕ್ಕೇ ಎಂದು ಒಂದು ವರ್ಷದಿಂದ ಕಾದಿದ್ದವರು. ಅವರು ತಮ್ಮ ಕೊನೆಯ ರೋಲನ್ನು ನನ್ನ ಕೈಗಿಟ್ಟು, “ನಾನು ಕಣ್ಣಲ್ಲೇ ನೋಡ್ಕೊಂಡ್ ಬರ್ತೀನಿ ಬಿಡಿ ಸಾರ್” ಎಂದರು. ಆ ಬಾವಿಯ ಸುಳ್ಳನ್ನು ಆಗ ಹೇಳಿದೆ. ಅವರು ಸ್ವಲ್ಪ ಯೋಚಿಸಿ, “ಹಂಗಾದ್ರೆ ನಾನು ದಾರಿ ತಪ್ಪಿರ್ಲಿಲ್ಲ” ಎಂದು ಖುಷಿಪಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಭಕ್ತಪುರದ ಓಣಿಗೆ ಓಡಿದೆ. ಲಾಳಿಯ ಸದ್ದಿರಲಿಲ್ಲ. ಸೀರೆ ಮುಗಿದು, ಮಗ್ಗ ಖಾಲಿಯಾಗಿತ್ತು. ಅವಳು ಮಗ್ಗದ ಕಡೆ ಕೈಮಾಡಿ ತಲೆ ಅಲ್ಲಾಡಿಸಿದಳು, ನನಗೆ ಕೂರಲು ಚಾಪೆ ಹಾಕಿದಳು. ಕ್ಯಾಮೆರಾದ ಕೆಂಪು ಕಿಟಕಿಯ ಟೇಪನ್ನು ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ನೋಡುತ್ತಾ ಅದೇ ಓಣಿಯಲ್ಲಿ ಇಡೀ ದಿನ ಕೂತೆ. ಅವಳು ನೂಲು ಸುತ್ತಿದ್ದು, ಅವಳ ಅತ್ತೆ ಮೆಣಸಿನಕಾಯಿ ಹರವಿದ್ದು, ಎದುರು ಮನೆಯ ಮುದುಕ ಬಿಸಿಲಿಗೆ ಕಣ್ಣು ಮುಚ್ಚಿದ್ದು. ತೊಳೆದು ನೋಡಿದಾಗ ಎರಡು ರೋಲಿನಲ್ಲಿ ಒಂಬತ್ತು ಚಿತ್ರ ಉಸಿರಾಡುತ್ತಿದ್ದವು. ಒಂಬತ್ತೇ.

ಗಡಿಯಲ್ಲಿ ಈ ಸಲ ನಾನೇ ಹಾಸಿಗೆ ಬಿಚ್ಚಿ, ಪಟ್ಟಿಯಲ್ಲಿಲ್ಲದ ಕ್ಯಾಮೆರಾವನ್ನು ಸುಂಕದವನ ಮುಂದಿಟ್ಟೆ. ಹೋಗುವಾಗ ಹೇಳಲಿಲ್ಲ, ತಪ್ಪಾಯಿತು ಎಂದು ಮೇಷ್ಟ್ರು ಹಿಂದಿಯಲ್ಲಿ ನನ್ನ ಪರವಾಗಿ ಹೇಳಿದರು. ಕಿತ್ತುಕೊಳ್ಳುತ್ತಾರೆ ಎಂದು ಎದೆ ಗಟ್ಟಿಮಾಡಿಕೊಂಡಿದ್ದೆ. ಅವನು ಸವೆದ ಚರ್ಮ, ಸುಣ್ಣದ ಕಲೆ, ಹೊಲಿಗೆ ಹಾಕಿದ ಹೆಗಲಪಟ್ಟಿ ಎಲ್ಲವನ್ನೂ ತಿರುಗಿಸಿ ನೋಡಿ, ಇಂಥದ್ದನ್ನು ಯಾವನು ಹೊರದೇಶದಿಂದ ಹೊತ್ತು ತರುತ್ತಾನೆ ಎಂದು ನಕ್ಕು ವಾಪಸು ಕೊಟ್ಟ. ಅವಮಾನವೂ ಆಯಿತು, ಜೀವವೂ ಬಂತು.

ಸಂಘದ ಯಜಮಾನರು ಒಂಬತ್ತು ಫೋಟೋಗಳನ್ನೂ ಮೇಜಿನ ಮೇಲೆ ಹರಡಿದರು. ಕನ್ನಡಕ ಮೇಲೆ, ಕನ್ನಡಕ ಕೆಳಗೆ. “ಇವ್ರು ಉಸಿರಾಡ್ತಾರೆ ಕಣಪ್ಪಾ,” ಎಂದರು. ಆಮೇಲೆ, “ಆದ್ರೆ ಹನ್ನೆರಡು ಅಂದಿದ್ದೆ” ಎಂದರು. “ಮಿಕ್ಕಿದ್ ಮೂರು ಇಲ್ಲೇ ತೆಗಿ. ನಮ್ಮೂರ್ ಸೀರೆ, ನಮ್ಮೋರ್ ಮಗ್ಗದ್ಮೇಲೆ. ಒಂದ್ ವಾರ.”

ಮೂರು ಮನೆಗೆ ಹೋದೆ. ಮೂರರಲ್ಲೂ ನಾನು ಹೊಸಿಲು ದಾಟುವ ಮೊದಲೇ ಮಗ್ಗಕ್ಕೆ ಬಟ್ಟೆ ಬಿತ್ತು. “ನೋಡಿದ್ರೇ ಕದೀತಾರೆ, ನೀನು ಫೋಟೋ ಬೇರೆ ತೆಗ್ದು ಊರೂರಿಗ್ ಕಳಿಸ್ತೀಯಲ್ಲಪ್ಪಾ?” ಎಂದು ಕೊನೆಯ ಮನೆಯವರು ನೇರವಾಗಿಯೇ ಕೇಳಿದರು. ನನ್ನನ್ನು ಅವರು ನೋಡಿದ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ಎಂಟು ದಿನ ನಾನು ಮೇಷ್ಟ್ರನ್ನು ನೋಡಿದ್ದೂ ಅದೇ ಕಣ್ಣಿನಿಂದ.

ಉಳಿದದ್ದು ಅಪ್ಪನ ಮಗ್ಗ. ಬೆಳಿಗ್ಗೆ ಹೋದೆ. ಹೆಗಲಲ್ಲಿ ಕ್ಯಾಮೆರಾ ಕಂಡ ಕೂಡಲೇ ಅಪ್ಪ ಲಾಳಿ ಬಿಟ್ಟು ಎದ್ದರು. ಅಮ್ಮನ ಹಳೇ ಸೀರೆಯನ್ನು ಮಗ್ಗದ ಮೇಲೆ ಹೊದಿಸಿದರು. ಮಗನಿಗೂ.

ನಾನು ಕ್ಯಾಮೆರಾ ತೆಗೆಯಲಿಲ್ಲ. ಹೊಸಿಲ ಮೇಲೆ ಕೂತೆ. ಅಪ್ಪ ನನ್ನನ್ನು ನೋಡಿ ಮುಗಿಸಲಿ ಎಂದು ಕಾದೆ. ತುಂಬಾ ಹೊತ್ತಾದ ಮೇಲೆ, ಬೇರೇನೂ ತೋಚದೆ, ನೇಯುವ ಹೆಂಗಸಿನ ಆ ಕೆಟ್ಟುಹೋದ ಒಂಬತ್ತನೆಯ ಚಿತ್ರವನ್ನು ಜೇಬಿನಿಂದ ತೆಗೆದು ಅವರ ಮುಂದಿಟ್ಟೆ. ಅಪ್ಪ ಬೆಳಕಿಗೆ ಹಿಡಿದು ನೋಡಿದರು. ಹೆಂಗಸಿನ ಮುಖ ನೋಡಲಿಲ್ಲ, ನಗು ನೋಡಲಿಲ್ಲ. ಬಟ್ಟೆ ನೋಡಿದರು. ಅವರ ಬೆರಳು ಅಂಚಿನ ಉದ್ದಕ್ಕೂ ಬಂದು ಬಿಳಿ ಬೊಟ್ಟಿನ ಹತ್ತಿರ ನಿಂತಿತು.

“ನೂಲು ತಿರುಗ್ಸೋ ಜಾಗಕ್ಕೇ ಬೊಟ್ಟಿಟ್ ಮುಚ್ಚಿದ್ದೀಯಲ್ಲೋ.”

“ಮುಚ್ಚಿಲ್ಲಪ್ಪ. ಬೆಳಕು ಬಿದ್ದು ಕೆಟ್ಟೋಗದೆ.”

“ನಂಗೂ ತೋರ್ಸಲ್ವೇನ್ಲಾ?”

ದನಿಯಲ್ಲಿ ಕೋಪವಿರಲಿಲ್ಲ. ನೋವಿತ್ತು. ಸ್ವಂತ ಮಗ ತನ್ನಿಂದ ಏನನ್ನೋ ಬಚ್ಚಿಡುತ್ತಿದ್ದಾನೆ ಎಂದು ಅವರು ನಿಜವಾಗಿಯೂ ನಂಬಿದ್ದರು. ಇನ್ನೇನು ಹೇಳಿದರೂ ನಂಬುವುದಿಲ್ಲ ಎಂದು ನನಗೆ ಗೊತ್ತಿತ್ತು, ನಾನೂ ನಂಬುತ್ತಿರಲಿಲ್ಲ. ಬುಟ್ಟಿಯಿಂದ ಎರಡು ಎಳೆ ನೂಲು ತೆಗೆದುಕೊಂಡೆ. ಒಂದನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದೆ. ಇನ್ನೊಂದು ಅದನ್ನು ಹಿಡಿದು ಹೇಗೆ ಹಿಂದಕ್ಕೆ ತಿರುಗುತ್ತದೆ ಎಂದು ಅವಳು ತೋರಿಸಿದ ಹಾಗೆಯೇ, ಎರಡು ಸಲ, ಮಾಡಿ ತೋರಿಸಿದೆ.

ಅಪ್ಪ ಬಗ್ಗಿ ನೋಡಿದರು. “ಇನ್ನೊಂದ್ ಕಿತ” ಎಂದರು. ತೋರಿಸಿದೆ. ಅವರ ಬೆರಳುಗಳು ಗಾಳಿಯಲ್ಲೇ ಅದನ್ನು ಮಾಡುತ್ತಿದ್ದವು. ಆಮೇಲೆ ಎದ್ದು, ಅಮ್ಮನ ಸೀರೆಯನ್ನು ಮಗ್ಗದಿಂದ ಎಳೆದು, ಮಡಿಚದೆ ಮೂಲೆಗೆ ಹಾಕಿ, ಕೂತು, ಅಂಚಿನ ಕಡೆಗೆ ಕೈ ಹಾಕಿದರು. ಒಂದು ಸಲ ತಪ್ಪಿತು. ಎರಡನೆಯ ಸಲ ನೂಲು ತಿರುಗಿತು. ಅವರ ಮುಖದಲ್ಲಿ ಆಗ ಕಂಡದ್ದು ಈಗ ಸಂಘದ ಆಲ್ಬಮ್ಮಿನ ಮೊದಲ ಹಾಳೆಯಲ್ಲಿದೆ.

ಅದನ್ನು ತೆಗೆಯುವ ಮುಂಚೆ ನಾನು ಕೆಂಪು ಕಿಟಕಿಯ ಟೇಪನ್ನು ಒತ್ತಿ ನೋಡುತ್ತಿದ್ದಾಗ, ಅಪ್ಪ ಮಗ್ಗದಿಂದ ಕಣ್ಣೆತ್ತದೆ ಕೇಳಿದರು:

“ಇಷ್ಟು ಬೆಳಕು ಸಾಲ್ತದೇನ್ಲಾ, ಬಾಗ್ಲು ಪೂರ್ತಿ ತೆಗೀಲಾ?”